ಕಲಸಿಟ್ಟ ಹಿಟ್ಟು

“ನಾಳೆ ಎರಡೂ ಒಂದೇ ತಟ್ಟೆಯಲ್ಲಿರಬೇಕು ಕಣಮ್ಮ. ನಮ್ಮದು, ಅವರದು ಅಂತ ಯಾರೂ ಬೇರೆ ಮಾಡಬಾರದು,” ಎಂದರು ದೊಡ್ಡ ಚರ್ಚಿನ ಫಾದರ್.

“ತಟ್ಟೆ ಒಂದಾಗುತ್ತೆ ಫಾದರ್, ಹಿಟ್ಟು ಹೇಗೆ ಒಂದಾಗುತ್ತೆ? ನಿಮ್ಮ ರೊಟ್ಟಿಗೆ ಉಬ್ಬಿಸೋ ಹುಳಿ ಸೋಕಬಾರದು, ಪಾಸ್ಟರ ರೊಟ್ಟಿಗೆ ಹುಳಿ ಇಲ್ಲದಿದ್ರೆ ಜೀವವೇ ಇಲ್ಲ,” ಎಂದಳು ಬೇಕರಿಯವಳು. ಅವಳ ಮೊಣಕೈವರೆಗೆ ಹಿಟ್ಟು ಮೆತ್ತಿತ್ತು.

ಎದುರು ಕಟ್ಟಡದ ಮಹಡಿಯಲ್ಲಿ ನಡೆಯುವ ಚರ್ಚಿನ ಪಾಸ್ಟರ್ ನಕ್ಕರು. “ನಮ್ಮ ಕಡೆಯವರು ಉಬ್ಬೋದು ಜಾಸ್ತಿ ಅಂತ ಫಾದರ್ ಹೇಳ್ತಾನೇ ಇರ್ತಾರೆ.”

“ಹೇಳೋದೇನು, ಕಣ್ಣಿಗೇ ಕಾಣುತ್ತಲ್ಲ,” ಎಂದು ಫಾದರ್ ಅವರ ಹೊಟ್ಟೆ ನೋಡಿದರು.

ಹದಿನೆಂಟು ವರ್ಷದಿಂದ ಅವಳು ಎರಡು ಚರ್ಚಿಗೂ ರೊಟ್ಟಿ ಸುಡುತ್ತಿದ್ದಳು. ಶುಕ್ರವಾರ ದೊಡ್ಡ ಚರ್ಚಿಗೆ ತೆಳು ರೊಟ್ಟಿ, ಶನಿವಾರ ಮಹಡಿ ಚರ್ಚಿಗೆ ಉಬ್ಬಿದ ದುಂಡು ರೊಟ್ಟಿ. ಬೇರೆ ಮಣೆ, ಬೇರೆ ಬಟ್ಟೆ. ಒಂದರ ಹಿಟ್ಟು ಮೆತ್ತಿದ ಕೈ ಇನ್ನೊಂದಕ್ಕೆ ತಗುಲಿದ್ದಿಲ್ಲ. ಎರಡು ಚರ್ಚಿನ ಜನ ಎದುರುಬದುರಿದ್ದೂ ಹಾವು-ಮುಂಗುಸಿ. ನಾಳೆ ಮೊದಲ ಸಲ ಒಟ್ಟಿಗೆ ಪ್ರಾರ್ಥಿಸಿ, ಅವಳ ರೊಟ್ಟಿ ಮುರಿದು ಹಂಚಿಕೊಳ್ಳಲಿದ್ದರು. ಬೆಳಗಿನಿಂದ ಅವಳ ಕಾಲು ನೆಲದ ಮೇಲೆ ನಿಂತಿರಲಿಲ್ಲ.

ಇದಕ್ಕೆಲ್ಲ ಕಾರಣ ಅವಳ ತಂಗಿಯ ಕೈ. ನಾಲ್ಕು ತಿಂಗಳ ಹಿಂದೆ, ಲಾಂಡ್ರಿಯಲ್ಲಿ ಹಾಸುಬಟ್ಟೆಗಳನ್ನು ಇಸ್ತ್ರಿ ಮಾಡುವ ಬಿಸಿ ಉರುಳೆಗೆ ಬಲಗೈ ಸಿಕ್ಕಿ, ಮೂರು ಬೆರಳು ಮಡಚಿಕೊಂಡೇ ಉಳಿದವು. ಕೈ ಒಳಗೆ ಹೋಗದಂತೆ ತಡೆಯುವ ಕಂಬಿಯನ್ನು, ಕೆಲಸ ಬೇಗ ಸಾಗಲೆಂದು ಮಾಲೀಕರೇ ಬಿಚ್ಚಿಸಿದ್ದರು. ಮಾಲೀಕರು ದೊಡ್ಡ ಚರ್ಚಿನ ಹಿರಿಯರು, ತಂಗಿ ಮಹಡಿ ಚರ್ಚಿನವಳು. ಬೀದಿಯೇ ಎರಡಾಗಿತ್ತು. ನಾಳೆ ಮಾಲೀಕರೂ ತಂಗಿಯೂ ಎಲ್ಲರೆದುರು ಕೈ ಹಿಡಿದು ರಾಜಿಯಾಗಬೇಕೆಂದು ತೀರ್ಮಾನವಾಗಿತ್ತು.

ಪ್ರಾರ್ಥನೆಯ ಮೊದಲು ಓದಬೇಕಿದ್ದ ರಾಜಿ ಕಾಗದ ಮೇಜಿನ ಮೇಲಿತ್ತು. ಮೂಲೆಯಲ್ಲಿ ಎಡಗೈಯಿಂದ ಹಿಟ್ಟು ಜರಡಿ ಹಿಡಿಯುತ್ತಿದ್ದ ತಂಗಿ ಎದ್ದು ಬಂದು ಅದನ್ನು ಎತ್ತಿಕೊಂಡಳು.

“‘ಕೆಲಸದವಳ ಅಜಾಗರೂಕತೆಯಿಂದ ಸಂಭವಿಸಿದ ಅವಘಡಕ್ಕಾಗಿ ಇಬ್ಬರೂ ಪರಸ್ಪರ ಕ್ಷಮಿಸಿ...’” ಅಲ್ಲಿಗೆ ನಿಲ್ಲಿಸಿದಳು. “ನಾನು ಕ್ಷಮಿಸೋದು ಸರಿ ಫಾದರ್. ಅವರು ನನ್ನ ಯಾವುದನ್ನ ಕ್ಷಮಿಸ್ತಾರೆ?”

“ಒಂದು ಪದ ತಾನೇ ತಾಯಿ,” ಎಂದರು ಪಾಸ್ಟರ್ ಮೆಲ್ಲಗೆ. “ಅದನ್ನೇ ಹಿಡಿದು ಕೂತರೆ ನಾಳೆಯದೆಲ್ಲ ಕೆಟ್ಟುಹೋಗುತ್ತೆ.”

“ಕಂಬಿ ಇನ್ನೂ ಹಾಕಿಲ್ಲ ಪಾಸ್ಟರೇ. ನನ್ನ ಜಾಗದಲ್ಲಿ ಈಗ ಇನ್ನೊಬ್ಬಳು ನಿಂತಿದ್ದಾಳೆ.”

ತಂಗಿ ಅಕ್ಕನ ಕಡೆ ತಿರುಗಲಿಲ್ಲ. ನಾಳೆಯ ದಿನ ಅಕ್ಕನಿಗೆ ಏನೆಂದು ಅವಳಿಗೆ ಗೊತ್ತಿತ್ತು.

ಅಕ್ಕ ಎರಡು ಮಣೆಗಳನ್ನೂ ನೋಡಿದಳು. ಆಮೇಲೆ ತಂಗಿಯ ನೆಟ್ಟಗಿನ ಬೆನ್ನು ನೋಡಿದಳು. ಯಾರಾದರೂ ಗದರಿದರೆ ತನ್ನ ಹಿಂದೆ ಬಚ್ಚಿಟ್ಟುಕೊಳ್ಳುತ್ತಿದ್ದ ಹುಡುಗಿ ಇವಳೇನಾ? ಕೈ ಒರೆಸಿಕೊಂಡು ಒಲೆ ಆರಿಸಿದಳು.

“ಏನಮ್ಮ ಇದು?” ಎಂದರು ಫಾದರ್.

“ಹಿಟ್ಟು ಕಲಸಿದ್ದೀನಿ ಫಾದರ್. ಸುಡೋದು ಆ ಸಾಲು ಹೊಡೆದು ಹಾಕಿ, ಆ ಉರುಳೆಗೆ ಕಂಬಿ ಹಾಕಿಸಿದ ಮೇಲೆ.”

“ಹುಳಿ ಹಿಟ್ಟು ಕಾಯುತ್ತಾ?” ಪಾಸ್ಟರ ದನಿ ಸಣ್ಣದಾಗಿತ್ತು.

“ಸಂಜೆವರೆಗೆ ಕಾಯುತ್ತೆ. ಆಮೇಲೆ ಕೆಡುತ್ತೆ. ಕೆಟ್ಟ ರೊಟ್ಟಿ ನಾನು ಇವತ್ತಿನವರೆಗೆ ಯಾರಿಗೂ ಕೊಟ್ಟಿಲ್ಲ.”

ಕಾಗದ ಬರೆದವರು ಫಾದರ್. ತಂಗಿಯ ಕೈಯಿಂದ ಅದನ್ನು ಇಸಿದುಕೊಂಡು, ಪೆನ್ನು ತೆಗೆದು ಆ ಸಾಲಿನ ಮೇಲೆ ಗೆರೆ ಎಳೆದರು.

“ಮಾಲೀಕರು ಸಿಟ್ಟಾಗ್ತಾರೆ,” ಎಂದರು ಪಾಸ್ಟರ್.

“ಆಗ್ತಾರೆ,” ಎಂದರು ಫಾದರ್. “ಒಬ್ಬನೇ ಹೋದರೆ ನಮ್ಮವರು ಅಂತ ನಾನು ಮೆತ್ತಗಾಗಿಬಿಡ್ತೀನಿ. ನೀವೂ ಬನ್ನಿ. ಲಾಂಡ್ರಿ ಎಷ್ಟಕ್ಕೆ ಮುಚ್ಚುತ್ತೆ?”

“ಆರಕ್ಕೆ,” ಎಂದಳು ತಂಗಿ. “ನಡೀರಿ, ಉರುಳೆ ನಾನೇ ತೋರಿಸ್ತೀನಿ.”

ಬೇಕರಿಯವಳು ಬಾಗಿಲಲ್ಲಿ ನಿಂತು ನೋಡಿದಳು. ಬಿಸಿಲಲ್ಲಿ ಮುಂದೆ ತಂಗಿ, ಹಿಂದೆ ಇಬ್ಬರೂ. ನಾಲ್ಕು ತಿಂಗಳಿಂದ ಬಟ್ಟೆಯೊಳಗೆ ಮುಚ್ಚಿಕೊಂಡು ತಿರುಗುತ್ತಿದ್ದ ಬಲಗೈಯನ್ನು ತಂಗಿ ಬೀಸಿಕೊಂಡು ನಡೆದಿದ್ದಳು.

ಅಕ್ಕ ಒಳಗೆ ಬಂದು, ಬಟ್ಟೆ ಒದ್ದೆ ಮಾಡಿ ಹಿಂಡಿ, ಹಿಟ್ಟಿಗೆ ಹೊದಿಸಿದಳು. ಬೆಂಕಿಪೊಟ್ಟಣವನ್ನು ಕೈಗೆ ಸಿಗುವ ಹಾಗೆ ಒಲೆಯ ಪಕ್ಕದಲ್ಲಿಟ್ಟಳು.