ಹನ್ನೊಂದು ಅಂಕದ ಕೆಲೆಪಿ

"ಕೊಡಮ್ಮ ಆ ಪುಸ್ತಕ! ಹೆಣದ ಮುಂದೆ ಯಾರಾದ್ರೂ ಲೆಕ್ಕದ ಅಂಕ ಓದ್ತಾರಾ?"

ಕೆಲೆಪಿ ಪುಸ್ತಕದ ಒಂದು ತುದಿ ಹಿಡಿದು ಎಳೆಯುತ್ತಿದ್ದ. ಇನ್ನೊಂದು ತುದಿ ಲೂಪೆಯ ಕೈಯಲ್ಲಿತ್ತು. ಅವಳು ತೀರಿಕೊಂಡ ಪೆನಿಸಿಮಾನಿ ಮೇಷ್ಟ್ರ ಮಗಳು, ಈಗ ಅದೇ ಶಾಲೆಯ ಟೀಚರು. ಹಿಡಿದದ್ದನ್ನು ಬಿಡುವ ಅಭ್ಯಾಸ ಆ ಮನೆತನದಲ್ಲಿ ಆರು ತಲೆಮಾರಿನಿಂದ ಇಲ್ಲ.

"ಅತ್ತೆಯ ಅಪ್ಪಣೆ, ಮಾಮ. ಪೆಟ್ಟಿಗೆ ಎತ್ತೋ ಮೊದಲು ಒಂದು ವರ್ಷದ್ದಾದ್ರೂ ಓದ್ಬೇಕಂತೆ."

ಅತ್ತೆಯೆಂದರೆ ಮೇಷ್ಟ್ರ ಅಕ್ಕ ಟೆಲೇಸಿಯಾಜ್ಜಿ. ಹೆಣದ ತಲೆಯ ಬಳಿ ಕೂತಿದ್ದಳು. ಟೋಂಗಾದಲ್ಲಿ ಸತ್ತವನ ಅಕ್ಕ ಆ ದಿನ ಏನು ಹೇಳಿದರೂ ಅದೇ ಕಾನೂನು. ರಾಜನೂ ತಲೆ ಬಗ್ಗಿಸಬೇಕು.

"ಹಾಗಾದ್ರೆ ಎಂಬತ್ತೆರಡನೇ ಇಸ್ವಿದು ಓದು."

"ಎಂಬತ್ತೊಂದೇ ಓದ್ತೀನಿ. ಪೆಟ್ಟಿಗೆ ಹೊರೋರು ನೀವೇ, ಆ ಕ್ಲಾಸಿನವರು!"

ಕೆಲೆಪಿಯ ಅಂಗೈ ಬೆವರಿ ಪುಸ್ತಕ ಜಾರಿತು. ನಾಲ್ಕು ಸಲ ಊರಿನ ಅಧಿಕಾರಿಯಾಗಿ ಆರಿಸಿಬಂದವನು ಅವನು. ಆ ಪುಸ್ತಕದ ಒಂದು ಪುಟ ತೆರೆದರೆ ಅವನ ಹೆಸರು ಸಮುದ್ರದ ಪಾಲು.

ಹೊರಗೆ ಮಣ್ಣಿನ ಒಲೆಗಳಿಂದ ಎದ್ದ ಹೊಗೆಗೆ ವಿಮಾನಗಳು ದಾರಿ ಬದಲಿಸಿದವು. ನಮ್ಮೂರಿನಲ್ಲಿರುವುದು ಮುನ್ನೂರು ಜನ. ಅವತ್ತು ಸೇರಿದ್ದು ಕಡಿಮೆಯೆಂದರೂ ಮೂವತ್ತು ಸಾವಿರ. ನಮ್ಮ ಬ್ಯಾಂಡು ಊದಿದರೆ ಪಕ್ಕದ ದ್ವೀಪದ ಹಂದಿಗಳು ಎದ್ದು ನಿಲ್ಲುತ್ತವೆ. ಇದನ್ನು ನಾನು ಇಳಿಸಿಯೇ ಹೇಳುತ್ತಿದ್ದೇನೆ.

* * *

ಮೇಷ್ಟ್ರು ವರ್ಷಕ್ಕೆ ಎರಡು ಸಲ ಒಂದೇ ಪರೀಕ್ಷೆ ಕೊಡುತ್ತಿದ್ದರು. ಫೆಬ್ರವರಿಯಲ್ಲಿ ಶಾಲೆ ಶುರುವಾದಾಗ ಒಮ್ಮೆ, ಡಿಸೆಂಬರಿನಲ್ಲಿ ಮುಚ್ಚುವ ಮುಂಚೆ ಇನ್ನೊಮ್ಮೆ. ಇಪ್ಪತ್ತು ಲೆಕ್ಕ. ಒಂದೊಂದರ ಕೆಳಗೂ ಎರಡೆರಡು ಉತ್ತರ. ಸರಿಯಾದದ್ದಕ್ಕೆ ಸುತ್ತು ಹಾಕಬೇಕು. ಎಷ್ಟು ಅಂಕ ಏರಿತೋ ಡಿಸೆಂಬರಿನಲ್ಲಿ ಅಷ್ಟು ಹೋಳು ಕಲ್ಲಂಗಡಿ, ಅದೂ ಮೇಷ್ಟ್ರೇ ಬೆಳೆದದ್ದು. ಒಂದೊಂದು ಹಣ್ಣು ದೋಣಿಯಷ್ಟು ಉದ್ದ.

"ಲೇ, ಈಗ ಸೊನ್ನೆ ತಗೊಂಡ್ರೆ ಆಮೇಲೆ ಇಪ್ಪತ್ತು ಹೋಳು ಕಣ್ರೋ!" ಎಂದ ಎಂಬತ್ತೊಂದರ ಫೆಬ್ರವರಿಯಲ್ಲಿ ಕೆಲೆಪಿಯ ಕ್ಲಾಸಿನ ಲಿಸಿಯಾತೆ. "ಎಲ್ರೂ ತಪ್ಪಿಗೇ ಸುತ್ತು ಹಾಕಿ. ಸರಿ ಹಾಕಿದವನ ಮೂಗು ಮುರೀತೀನಿ."

ಇಪ್ಪತ್ತಮೂರು ಮಕ್ಕಳಿಗೆ ಸೊನ್ನೆ ಬಂತು. ಕೆಲೆಪಿಗೆ ಹನ್ನೊಂದು.

ಸಂಚು ಎರಡೇ ದಿನದಲ್ಲಿ ಬಯಲಾಯಿತು. ಊರಿಗೆ ಊರೇ ಕೆಲೆಪಿಯನ್ನು ಹೊತ್ತು ಕುಣಿಯಿತು. ಇಡೀ ಕ್ಲಾಸು ಮೋಸಕ್ಕೆ ನಿಂತಾಗ ಇವನೊಬ್ಬ ಪ್ರಾಮಾಣಿಕ! ಮೇಷ್ಟ್ರು ದಿನವೂ ಸಂಜೆ ಮನೆಗೆ ಬಾ ಎಂದಾಗ, ಬುದ್ಧಿವಂತನಿಗೆ ವಿಶೇಷ ಪಾಠ ಎಂದರು ಊರವರು. ಡಿಸೆಂಬರಿನಲ್ಲಿ ಅವನಿಗೂ ಇಪ್ಪತ್ತಕ್ಕೆ ಇಪ್ಪತ್ತು. ಒಂಬತ್ತೇ ಹೋಳು ತಿಂದ. ಅಂದಿನಿಂದ ಅವನ ಹೆಸರೇ ಹನ್ನೊಂದು. ಬೇಲಿಯ ಜಗಳವಿರಲಿ, ಹಂದಿಯ ಜಗಳವಿರಲಿ, ಹನ್ನೊಂದು ಹೇಳಿದರೆ ಮುಗಿಯಿತು.

ಮೊದಲ ಸಂಜೆಯ ಮಾತು ಮಾತ್ರ ಇಬ್ಬರಿಗಷ್ಟೇ ಗೊತ್ತಿತ್ತು.

"ಹನ್ನೊಂದು ಹೇಗೋ ಬಂತು?"

"ನಾನೂ ತಪ್ಪಿಗೇ ಹಾಕೋಣ ಅಂತಿದ್ದೆ ಮೇಷ್ಟ್ರೇ. ಯಾವುದು ತಪ್ಪು ಅಂತ ಗೊತ್ತಾಗ್ಲಿಲ್ಲ. ಕಣ್ಮುಚ್ಚಿ ಹಾಕಿದೆ."

"ಹೂಂ. ಇಪ್ಪತ್ತೂ ತಪ್ಪು ಮಾಡ್ಬೇಕಾದ್ರೆ ಇಪ್ಪತ್ತೂ ಗೊತ್ತಿರ್ಬೇಕು. ಆ ಕಳ್ಳರಿಗೆ ನನ್ನ ಪಾಠ ಬೇಡ. ನಿಂಗೆ ಬೇಕು. ಕೂತ್ಕೋ."

* * *

ಲೂಪೆ ಓದತೊಡಗಿದಳು.

"ಲಿಸಿಯಾತೆ. ಶುರುವಿಗೆ ಸೊನ್ನೆ, ಕೊನೆಗೆ ಇಪ್ಪತ್ತು. ಪಕ್ಕದಲ್ಲಿ ಪೆನ್ಸಿಲಿನಲ್ಲಿ ಬರೆದಿದೆ: ಮಹಾಕಳ್ಳ, ಎಲ್ಲ ಬರುತ್ತದೆ."

ಜನ ಹೋ ಎಂದರು. ಏಳಡಿಯ ಬೆಸ್ತ ಲಿಸಿಯಾತೆ ಪದಕ ಸಿಕ್ಕವನಂತೆ ಎದೆ ಉಬ್ಬಿಸಿದ. ಒಂದೊಂದು ಸೊನ್ನೆಗೂ ಚಪ್ಪಾಳೆ ಏರಿತು. ತುತ್ತೂರಿಯವನು ಸೊನ್ನೆಗೊಮ್ಮೆ ಊದತೊಡಗಿದ. ಮೇಷ್ಟ್ರ ಎಂಬತ್ತು ವರ್ಷದಲ್ಲಿ ಆ ಮನೆಯಲ್ಲಿ ಅಂಥ ಗದ್ದಲ ಆಗಿರಲಿಲ್ಲ.

"ಕೆಲೆಪಿ. ಶುರುವಿಗೆ ಹನ್ನೊಂದು!"

"ಹನ್ನೊಂದು! ಹನ್ನೊಂದು!" ಎಂದು ಅಂಗಳವೇ ಕೂಗಿತು.

ಲೂಪೆ ಪೆನ್ಸಿಲಿನ ಸಾಲಿಗೆ ಬಂದಳು. ನಿಂತಳು. ಕೆಲೆಪಿಯ ಮುಖ ನೋಡಿ, ಬೆರಳಿನಿಂದ ಸಾಲನ್ನು ಮುಚ್ಚಿದಳು.

"ಕೊನೆಗೆ ಇಪ್ಪತ್ತು. ಅಷ್ಟೇ."

ಬದುಕಿದೆ ಎಂದುಕೊಳ್ಳಬೇಕಾದವನು ಕೆಲೆಪಿ. ಆದರೆ ಅವನ ಕಣ್ಣು ಆ ಬೆರಳಿನ ಮೇಲೆಯೇ ನೆಟ್ಟಿತ್ತು.

"ಇನ್ನೂ ಇದ್ಯಲ್ಲಮ್ಮ."

"ಏನಿಲ್ಲ ಬಿಡಿ, ಮಾಮ."

"ನಿಮ್ಮಪ್ಪ ನಲವತ್ತೈದು ವರ್ಷ ಮುಚ್ಚಿಟ್ರು. ಈಗ ನೀನೂ ಶುರು ಮಾಡ್ಬೇಡ. ಕೊಡಿಲ್ಲಿ."

ಈ ಸಲ ಪುಸ್ತಕ ಸುಲಭವಾಗಿ ಬಂತು. ಕೆಲೆಪಿ ಕನ್ನಡಕ ಹುಡುಕಿ, ಹಾಕಿಕೊಂಡು, ಊರಿನ ಸಭೆಯಲ್ಲಿ ಓದುವ ದನಿಯಲ್ಲೇ ಓದಿದ:

"ಕೆಲೆಪಿಗೆ ಯಾವುದು ತಪ್ಪೆಂಬುದೂ ಗೊತ್ತಿಲ್ಲ. ಸಂಜೆ ಮನೆಗೆ. ಕಾರಣ ಯಾರಿಗೂ ಹೇಳಬಾರದು."

ತುತ್ತೂರಿ ಅರ್ಧಕ್ಕೆ ನಿಂತಿತು.

"ನಾನು ಪ್ರಾಮಾಣಿಕ ಅಲ್ಲ, ದಡ್ಡ," ಎಂದ ಕೆಲೆಪಿ. "ನನಗೂ ಇಪ್ಪತ್ತು ಹೋಳು ಬೇಕಿತ್ತು. ಪೆಟ್ಟಿಗೆ ಹೊರೋಕೆ ಬೇರೆ ಯಾರನ್ನಾದ್ರೂ ಕರೀರಿ. ಊರಿಗೂ ಬೇರೆ ಅಧಿಕಾರಿ ನೋಡ್ಕೊಳ್ಳಿ."

ಮೊದಲು ನಕ್ಕವಳು ಟೆಲೇಸಿಯಾಜ್ಜಿ. ತಮ್ಮನ ಹಣೆಯ ಮೇಲೆ ಕೈಯಿಟ್ಟುಕೊಂಡು, ಹಲ್ಲಿಲ್ಲದ ಬಾಯಿ ತೆರೆದು, ಕಣ್ಣಲ್ಲಿ ನೀರು ಬರುವ ತನಕ ನಕ್ಕಳು. "ಅಯ್ಯೋ ನನ್ನ ಕಂದಾ! ತಪ್ಪು ಮಾಡೋದಕ್ಕೂ ಬರ್ಲಿಲ್ವಾ ನಿಂಗೆ!" ಆಮೇಲೆ ನಕ್ಕದ್ದು ಮೂವತ್ತು ಸಾವಿರ ಜನ. ತೆಂಗಿನಕಾಯಿಗಳು ತಾವಾಗಿ ಉದುರಿದವು. ನಂಬದವರು ಬಂದು ಮರಗಳನ್ನು ಕೇಳಬಹುದು.

"ಬಾರೋ ಹನ್ನೊಂದು," ಎಂದ ಲಿಸಿಯಾತೆ. "ಪೆಟ್ಟಿಗೆಯ ಈ ಮೂಲೆ ಖಾಲಿ ಇದೆ."

ಆರು ಜನ ಪೆಟ್ಟಿಗೆ ಎತ್ತಿದರು. ಎತ್ತಿದ್ದೇ ತಡ, ಅದು ಕೆಲೆಪಿಯ ಕಡೆಗೆ ವಾಲಿತು. ಉಳಿದವರ ಭುಜಕ್ಕಿಂತ ಅವನದು ಒಂದು ಗೇಣು ಕೆಳಗೆ. ಇಳಿಸಿದರು. ಲಿಸಿಯಾತೆ ತನ್ನ ಸೊಂಟಕ್ಕೆ ಸುತ್ತಿದ್ದ ಶೋಕದ ಚಾಪೆಯ ಹಗ್ಗ ಎಳೆದ. ಸಾವಿನ ಮನೆಯಲ್ಲಿ ಆ ಚಾಪೆ ಬಿಚ್ಚುವುದೆಂದರೆ ಹಿರಿಯರ ಮುಂದೆ ಬೆತ್ತಲೆ ನಿಂತಂತೆ. ಅಜ್ಜಿ ನೋಡಿ, ಆಗಲಿ ಎಂಬಂತೆ ತಲೆಯಾಡಿಸಿದಳು. ಅವನು ಚಾಪೆಯನ್ನು ನಾಲ್ಕು ಮಡಿಕೆ ಮಾಡಿ ಕೆಲೆಪಿಯ ಭುಜದ ಮೇಲಿಟ್ಟ. ಎತ್ತಿ ನೋಡಿದರು. ಸಾಲಲಿಲ್ಲ. ಇನ್ನೊಂದು ಮಡಿಕೆ ಹಾಕಿದ. ಪೆಟ್ಟಿಗೆ ಮಟ್ಟಸವಾಗಿ ನಿಂತಿತು, ಬ್ಯಾಂಡು ಹೊರಟಿತು.