ಚಿಕ್ಕಿ ನೋಡಲು ಹೋದ ಬಸ್ಸು

ಪಡುವಣದ ಕೆಂಪು ಕೆರೆಯ ನೀರಿನಿಂದ ಜಾರಿಹೋಗುತ್ತಿದ್ದ ಹೊತ್ತಿಗೆ ಕೊಟ್ರೇಶ ಬಸ್ಸಿನ ಮುಂದಿನ ಗಾಜನ್ನು ಮತ್ತೊಮ್ಮೆ ಒರೆಸಿದ. ಗಾಜು ಆಗಲೇ ಸ್ವಚ್ಛವಾಗಿತ್ತು. ಮೇಲೆ ಬಂಡೆಗುಡ್ಡದಲ್ಲಿ ಮಾನ್ವಿಯ ಶಾಲೆಯ ಮಕ್ಕಳು ಜಮಖಾನೆ ಹಾಸಿ ಗದ್ದಲ ಎಬ್ಬಿಸಿದ್ದರು. ವಿಜ್ಞಾನದ ಟೀಚರ್ ವೇದಶ್ರೀ ಮುಕ್ಕಾಲಿಯ ಮೇಲೆ ದೂರದರ್ಶಕವನ್ನು ಕೂರಿಸುತ್ತಿದ್ದಳು. ಜಾಲಹಳ್ಳಿಯಿಂದ ಆಚೆಗಿದ್ದ ಆ ಕೆರೆಯ ಸುತ್ತ ಒಂದು ದೀಪವೂ ಇರಲಿಲ್ಲ. ಮಕ್ಕಳಿಗೆ ನಕ್ಷತ್ರ ತೋರಿಸಲು ಅದಕ್ಕೆಂದೇ ಅವಳು ಈ ಜಾಗ ಹುಡುಕಿದ್ದಳು.

ಕೊಟ್ರೇಶನದು ಬೆಳಗಿನ, ಮಧ್ಯಾಹ್ನದ ಪಾಳಿ. ರಾತ್ರಿ ಗಾಡಿ ಇದ್ದರೆ ಅದು ಶಕೀಲ್‌ನದು. ಶಕೀಲ್ ತಂಗಿಯ ಮದುವೆಗೆಂದು ರಾಯಚೂರಿಗೆ ಹೋಗಿದ್ದರಿಂದ ಹೆಡ್‌ಮಾಸ್ತರರು ಕೊಟ್ರೇಶನಿಗೆ ಹೇಳಿದ್ದರು. "ಅಮಾಸಿ ದಿನ ಗಾಡಿ ಹೊರಗ ತೆಗಿಯೂದು ಬ್ಯಾಡ್ರಿ, ಹುಣ್ಣಿಮಿಗೆ ಹೋಗೂಣು" ಎಂದು ಅವನು ಕೊಸರಾಡಿದ್ದ. ವೇದಶ್ರೀ ನಕ್ಕುಬಿಟ್ಟಿದ್ದಳು.

"ಹುಣ್ಣಿಮಿಗೆ ಹೋದ್ರ ಚಂದ್ರ ಒಬ್ಬನೇ ಕಾಣ್ತಾನ್ರೀ ಕೊಟ್ರೇಶಣ್ಣ. ಚಿಕ್ಕಿ ಕಾಣ್ಬೇಕಂದ್ರ ಕತ್ತಲಿನೇ ಬೇಕು."

ಡ್ರೈವರ್ ಅಮಾವಾಸ್ಯೆಗೆ ಹೆದರುತ್ತಾನೆ ಎಂದು ಶಾಲೆಯಲ್ಲೆಲ್ಲ ತಮಾಷೆಯಾಯಿತು. ಅವನೂ ಅದನ್ನು ಹಾಗೆಯೇ ಬಿಟ್ಟ. ನಿಜ ಹೇಳಿದ್ದರೆ ಯಾರೂ ನಗುತ್ತಿರಲಿಲ್ಲ.

ಈಚೆಗೆ ಅವನಿಗೆ ಸಂಜೆ ಎಂಬುದೇ ಇರಲಿಲ್ಲ. ಉಳಿದವರಿಗೆ ಇನ್ನೂ ಮುಖ ಕಾಣುವ ಹೊತ್ತಿಗೆ ಅವನ ಸುತ್ತ ಕಂಬಳಿ ಹೊದಿಸಿದಂತಾಗುತ್ತಿತ್ತು. ಗಾಡಿಯ ದೀಪದಲ್ಲಿ ರಸ್ತೆ ಕೊಳವೆಯೊಳಗಿಂದ ನೋಡಿದಂತೆ ನಡುವಿನಲ್ಲಷ್ಟೇ ಕಾಣುತ್ತಿತ್ತು, ಅಂಚುಗಳು ಇಲ್ಲ. ನಿತ್ರಾಣವಿರಬೇಕು ಎಂದು ಗಜ್ಜರಿ, ಪಾಲಕ್ ತಿಂದ. ಆದರೆ ಅವನ ತಂದೆ ಚನ್ನವೀರ ದೀಪ ಹಚ್ಚುವ ಹೊತ್ತಾದ ಮೇಲೆ ಹೆಂಡತಿಯ ಹೆಗಲು ಹಿಡಿಯದೆ ಹೊಸ್ತಿಲು ದಾಟುತ್ತಿರಲಿಲ್ಲ. ಅವರ ಊರು ಕುರ್ಡಿಯ ಜನ ಆತನನ್ನು ಇರುಳುಗಣ್ಣಿನ ಚನ್ನವೀರ ಎನ್ನುತ್ತಿದ್ದರು. ಆ ಮಾತನ್ನು ಕೊಟ್ರೇಶ ಯಾರೆದುರೂ ಎತ್ತುತ್ತಿರಲಿಲ್ಲ.

"ಕೊಟ್ರೇಶಣ್ಣಾ, ನೀವೂ ಬರ್ರಿ, ಗುರು ಗ್ರಹ ನೋಡ್ರಿ" ಎಂದು ಎಂಟನೆಯ ತರಗತಿಯ ಮಹತಿ ಕೂಗಿದಳು. ಅವನು ಮೊಬೈಲಿನ ಬೆಳಕು ಹಿಡಿದು, ಪ್ರತಿ ಹೆಜ್ಜೆಯನ್ನೂ ಪಾದದಿಂದ ತಡವುತ್ತ ಬಂಡೆ ಹತ್ತಿದ. ಬೆಳಕು ಆರಿಸಿರಿ ಎಂದು ಮಕ್ಕಳು ಗೊಣಗಿದರು. ಆರಿಸಿದ. ಯಾರೋ ಅವನ ರಟ್ಟೆ ಹಿಡಿದು ದೂರದರ್ಶಕದ ಮುಂದೆ ಬಗ್ಗಿಸಿದರು. ಕಣ್ಣಿಟ್ಟ. ಬರೀ ಕಪ್ಪು.

"ಗುರುವಿನ ಸುತ್ತ ನಾಕೂ ಚಂದ್ರ ಕಾಣಾಕತ್ತಾವೇನ್ರಿ?"

"ಹೌದವ್ವಾ, ನಾಕೂ ಕಾಣಾಕತ್ತಾವ. ಭಾಳ ಚಂದ ಅದಾವ."

ಮಕ್ಕಳಲ್ಲಿ ನಗೆ ಸಿಡಿಯಿತು. ಧೂಳು ಕೂರಬಾರದೆಂದು ವೇದಶ್ರೀ ಆಗಷ್ಟೇ ಕೊಳವೆಗೆ ಮುಚ್ಚಳ ಹಾಕಿದ್ದಳಂತೆ. ಅವನೂ ನಕ್ಕ. "ನೀವು ಅಷ್ಟು ಪ್ರೀತಿಯಿಂದ ಕೇಳಿದ್ರಿ, ಇಲ್ಲ ಅನ್ನಾಕ ಮನಸ್ಸಾಗ್ಲಿಲ್ಲ" ಎಂದ. ಮುಚ್ಚಳ ತೆಗೆದ ಮೇಲೆ ಇನ್ನೊಮ್ಮೆ ನೋಡಿರೆಂದು ಮಹತಿ ಒತ್ತಾಯಿಸಿದಳು. ಗಾಡಿ ನೋಡಬೇಕು ಎಂದು ಹೇಳಿ ಅವನು ಕುಂಡೆಯ ಮೇಲೆ ಜಾರುತ್ತ ಬಂಡೆ ಇಳಿದ. ಕೆಳಗೆ ಕಪ್ಪೆಗಳ ಸದ್ದಿನಿಂದಷ್ಟೇ ನೀರು ಯಾವ ಕಡೆ ಇದೆ ಎಂದು ಅವನಿಗೆ ಗೊತ್ತಾಗುತ್ತಿತ್ತು.

ಹೊರಡುವಾಗ ಅವನು ವೇದಶ್ರೀಯನ್ನು ಮುಂದಿನ ಸೀಟಿಗೆ ಕರೆದ. "ಮಾತಾಡ್ಕೋತ ಕುಂದರ್ರಿ ಮೇಡಂ, ನಿದ್ದಿ ಬಂದೀತು."

ಏರಿಯ ಮೇಲಿನ ರಸ್ತೆ ಒಂದು ಬಸ್ಸಿನಷ್ಟೇ ಅಗಲವಿತ್ತು. ಎಡಕ್ಕೆ ನೀರು, ಬಲಕ್ಕೆ ಇಳಿಜಾರು. ವೇದಶ್ರೀ ಏನೋ ಹೇಳುತ್ತಿದ್ದಳು, ಅವನು ಹೂಂಗುಟ್ಟುತ್ತಿದ್ದ. ಅಂಗೈ ಬೆವೆತು ಸ್ಟೇರಿಂಗ್ ಜಾರುತ್ತಿತ್ತು. ಎಡಗಡೆಯ ಗಾಲಿ ಅಂಚಿನ ಕಲ್ಲಿಗೆ ತಾಗಿ ಬಸ್ಸು ವಾಲಿದಾಗ ಹಿಂದಿನ ಸೀಟಿನ ಮಕ್ಕಳು ಉಯ್ಯಾಲೆಯಾಡಿದಂತೆ ಹೋ ಎಂದರು. ವೇದಶ್ರೀ ಮಾತು ನಿಲ್ಲಿಸಿ ಕಂಬಿ ಹಿಡಿದಳು. ಆಮೇಲೆ ರಸ್ತೆಯಿಂದ ಕಣ್ಣು ತೆಗೆಯಲಿಲ್ಲ.

ಏರಿ ಮುಗಿಯಿತು. ಹೊಲಗಳ ನಡುವಿನ ನೇರ ರಸ್ತೆ ಸಿಕ್ಕಿತು. ಉಸಿರು ಬಿಡುವಷ್ಟರಲ್ಲಿ ಎದುರಿಗೆ ಮೋಟಾರ್ ಸೈಕಲ್ಲೊಂದು ಬಂತು. ಅದರ ಬೆಳಕು ಕಣ್ಣು ತುಂಬಿ ಹಾದುಹೋದ ಮೇಲೆ ಏನೂ ಉಳಿಯಲಿಲ್ಲ.

"ಕೊಟ್ರೇಶಣ್ಣಾ, ಮುಂದ ಟ್ರ್ಯಾಕ್ಟರ್" ಎಂದು ವೇದಶ್ರೀ ಚೀರಿದಳು.

ಎಲ್ಲಿ ಎಂದು ಅವನಿಗೆ ತಿಳಿಯಲಿಲ್ಲ. ಕಾಲು ಮಾತ್ರ ಬ್ರೇಕನ್ನು ತುಳಿಯಿತು. ಮಕ್ಕಳು ಮುಂದಿನ ಸೀಟುಗಳಿಗೆ ಬಡಿದುಕೊಂಡರು. ಬಸ್ಸು ನಿಂತ ಮೇಲೆ ಗಾಜಿನ ತುಂಬ ಬೆಳ್ಳಗೆ ಹತ್ತಿ ಕಂಡಿತು. ಹತ್ತಿ ತುಂಬಿದ ಟ್ರಾಲಿ ಕೈಗೆಟಕುವಷ್ಟು ಹತ್ತಿರ ನಿಂತಿತ್ತು. ಹತ್ತಿಯ ಮೇಲೆ ಕೂಲಿಯ ಹೆಂಗಸರು ಒಬ್ಬರನ್ನೊಬ್ಬರು ಅವಚಿಕೊಂಡು ಕೂತಿದ್ದರು. ಅವರಲ್ಲೊಬ್ಬ ಮುದುಕಿ ಬಗ್ಗಿ ನೋಡಿದಳು.

"ಯಪ್ಪಾ, ಕಣ್ಣು ಕಾಣಂಗಿಲ್ಲೇನು ನಿನಗ?"

ಅವನು ಎಂಜಿನ್ ಬಂದ್ ಮಾಡಿದ. ಟ್ರ್ಯಾಕ್ಟರ್ ಬೈಯುತ್ತಲೇ ಮುಂದೆ ಹೋಯಿತು. ವೇದಶ್ರೀ ಮಕ್ಕಳನ್ನು ನೋಡಿ ಬಂದಳು. ಒಬ್ಬನ ತುಟಿ ಒಡೆದಿತ್ತು, ಅಷ್ಟೇ.

"ತಪ್ಪು ಅವರದೇ. ಹಿಂದ ಲೈಟೇ ಇರ್ಲಿಲ್ಲ" ಎಂದಳು. "ನಡೀರಿ, ಮೆಲ್ಲಕ ಹೋಗೂಣು."

ಕೈ ಕೀಲಿಯ ಮೇಲಿತ್ತು. ತಿರುಗಿಸಿದ್ದರೆ ಸಾಕಿತ್ತು.

"ಲೈಟ್ ಇದ್ರೂ ಅಷ್ಟೇ ಮೇಡಂ. ನನಗ ಕಾಣ್ತಿರ್ಲಿಲ್ಲ." ಅವನು ಗಾಜಿನತ್ತಲೇ ಮುಖಮಾಡಿ ಹೇಳಿದ. "ಗುಡ್ಡದ ಮ್ಯಾಲೂ ಏನೂ ಕಾಣ್ಲಿಲ್ಲ. ಒಂದ್ ಚಿಕ್ಕಿನೂ."

ಅವಳು ಹಿಂದಿನ ಸೀಟುಗಳತ್ತ ತಿರುಗಿ ನೋಡಿದಳು.

"ಗೊತ್ತಿದ್ದೂ ಮಕ್ಕಳನ್ನ ಕುಂದರ್ಸ್ಕೊಂಡು ಏರಿ ಮ್ಯಾಲ ಬಂದ್ರಿ."

ಅವನು ಕೀಲಿ ಕಿತ್ತು ಅವಳ ಕೈಯಲ್ಲಿಟ್ಟ.

ಫೋನುಗಳಾದವು. ಹೆಡ್‌ಮಾಸ್ತರರು ಮೊದಲು ನಂಬಲಿಲ್ಲ, ಆಮೇಲೆ ನಾಳೆ ಆಫೀಸಿಗೆ ಬಾ ಎಂದಷ್ಟೇ ಅವನಿಗೆ ಹೇಳಿದರು. ಶಕೀಲ್ ಮದುವೆಮನೆಯಿಂದ ಕಾರು ಮಾಡಿಕೊಂಡು ಬರುವುದೆಂದಾಯಿತು. ಗಾಡಿ ಕೆಟ್ಟಿದೆ ಎಂದು ಮಕ್ಕಳಿಗೆ ಹೇಳಿದರು. ಅವರಿಗೆ ಅದು ಹಬ್ಬವೇ ಆಯಿತು. ಪಕ್ಕದ ಬಯಲಿನಲ್ಲಿ ಮತ್ತೆ ಜಮಖಾನೆ ಹಾಸಿ ಅಂಗಾತ ಮಲಗಿದರು. ಕೊಟ್ರೇಶ ಬಸ್ಸಿನ ಮೆಟ್ಟಿಲ ಮೇಲೆ ಕೂತ. ಸ್ವಲ್ಪ ಹೊತ್ತಿನ ಮೇಲೆ ಮಹತಿ ಬಂದು ಹತ್ತಿರ ನಿಂತಳು.

"ಅಲ್ಲಿ ನೋಡ್ರಿ, ಕೃತ್ತಿಕಾ. ಸಣ್ಣಾಕಿದ್ದಾಗ ನಮ್ಮ ಅಜ್ಜಿ ನನ್ನ ಹೊರಗ ನಿಲ್ಲಿಸಿ, ಅದರಾಗ ಎಷ್ಟು ಚಿಕ್ಕಿ ಅವ ಹೇಳು ಅಂತಿದ್ದಳು. ಕಣ್ಣು ನೆಟ್ಟಗ ಅದಾವೋ ಇಲ್ಲೋ ಅದರಿಂದ ಗೊತ್ತಾಗ್ತದಂತ."

ಅವಳು ಹೋದ ಮೇಲೂ ಆ ಮಾತು ಅಲ್ಲೇ ಉಳಿಯಿತು. ಅವನ ಮಗಳು ಸ್ವಪ್ನಾ ಈಗೀಗ ಸಂಜೆಯಾದರೆ ಹಿತ್ತಲಿಗೆ ಒಬ್ಬಳೇ ಹೋಗುತ್ತಿರಲಿಲ್ಲ. ಮೊನ್ನೆ ಎಮ್ಮೆಯ ಗೂಟಕ್ಕೆ ಎಡವಿ ಮೊಣಕಾಲು ಕೆತ್ತಿಕೊಂಡಿದ್ದಳು. ಪುಕ್ಕಲಿ ಎಂದು ಅವನೇ ಬೈದಿದ್ದ.

ಅವನು ಮನೆಗೆ ಫೋನ್ ಹಚ್ಚಿದ. ಹೆಂಡತಿ ವಿಜಯಲಕ್ಷ್ಮಿ ಎತ್ತಿದಳು.

"ಸ್ವಪ್ನಾ ಮಲಗ್ಯಾಳೇನು?"

"ಇಲ್ಲ, ಬರಿಯಾಕತ್ತಾಳ. ಎಲ್ಲಿದ್ದೀರಿ ಇನ್ನೂ?"

"ಆಕಿನ್ನ ಹಿತ್ತಲಿಗೆ ಕರ್ಕೊಂಡು ಹೋಗು. ಲೈಟ್ ಆರಿಸು. ಆಕಾಶದಾಗ ಏನು ಕಾಣ್ತದ ಕೇಳು."

"ಏನಾಗ್ಯದ ನಿಮಗ? ಕತ್ತಲಾಗ ಆಕಿ ಅಂಜತಾಳ."

"ಕೈ ಹಿಡ್ಕೊಂಡು ಹೋಗು."

ಚಿಲಕ ತೆಗೆದ ಸದ್ದು. ಚಪ್ಪಲಿಗಳ ಸದ್ದು. ಎಮ್ಮೆ ಕೊರಳು ಕೊಡವಿದ ಸದ್ದು. "ಮ್ಯಾಲ ನೋಡು ಪುಟ್ಟಿ, ಎಷ್ಟೊಂದು ಅವ ನೋಡು" ಎಂದು ವಿಜಯಲಕ್ಷ್ಮಿ ಹೇಳುವುದು ಕೇಳಿಸಿತು. ಬಯಲಿನಲ್ಲಿ ಮಕ್ಕಳು ಒಬ್ಬರಿಗೊಬ್ಬರು ಏನೋ ತೋರಿಸುತ್ತ ಜಗಳಾಡುತ್ತಿದ್ದರು.

"ಅಪ್ಪಾ" ಎಂದಿತು ಸಣ್ಣ ಧ್ವನಿ, ಫೋನಿಗೆ ತೀರಾ ಹತ್ತಿರ. "ಯಾವ ಕಡಿ ನೋಡ್ಲಿ?"

ಅವನು ಫೋನನ್ನು ಕಿವಿಗೆ ಒತ್ತಿ ಹಿಡಿದ.

"ಇರ್ಲಿ ಬಿಡವ್ವಾ. ಅವ್ವನ ಕೈ ಬಿಡಬ್ಯಾಡ. ಮೆಲ್ಲಕ ಒಳಗ ಹೋಗು."

ಪುಟ್ಟ ಚಪ್ಪಲಿಗಳು ತಡವುತ್ತ, ನಿಲ್ಲುತ್ತ ಸಾಗಿದವು. ಒಳಗಿನಿಂದ ಚಿಲಕ ಬಿದ್ದ ಸದ್ದು ಕೇಳುವವರೆಗೂ ಅವನು ಫೋನನ್ನು ಕಿವಿಯಿಂದ ತೆಗೆಯಲಿಲ್ಲ.