ಮಗ್ಗದವರ ಕೈಮಾತು

ಹತ್ತಿ ಬಿಡಿಸುವ ಕಾಲ, ನಮ್ಮ ಮಹಲ್ಲಾ ಊರಿನ ಬಟ್ಟೆ ಗಿರಣಿಯಲ್ಲಿ ಬೆಳಗಿನ ಪಾಳಿ ಬಿಟ್ಟ ಹೊತ್ತು. ನನ್ನ ಮಗಳು ಇನ್ಶಿರಾಹ್ ತಲೆವಸ್ತ್ರದ ಮೇಲಿನ ಹತ್ತಿಧೂಳನ್ನೂ ಕೊಡವದೆ ನನ್ನೆದುರು ಬಂದು ಕೂತಳು.

“ಅಮ್ಮ, ನಾಳೆಯಿಂದ ಶಾಜ್ಲಿಯನ್ನ ಗಿರಣಿಯ ಶಿಶುವಿಹಾರಕ್ಕೆ ಬಿಡ್ತೀನಿ.”

“ಯಾಕೆ, ನನ್ನ ಹತ್ರ ಏನು ಕಮ್ಮಿಯಾಗಿದೆ ನಿನ್ನ ಮಗನಿಗೆ?”

“ಮಾತು ಕಮ್ಮಿಯಾಗಿದೆ. ಮೂರು ತುಂಬ್ತಾ ಬಂತು, ಅಮ್ಮ ಅಂತಲೂ ಅನ್ನಲ್ಲ. ಬೀದಿಯವರು ಮೂಗ ಅಂತಾರೆ.”

ಅವಳ ತುಟಿ ನೋಡಿಯೇ ಅಷ್ಟೂ ತಿಳಿದುಕೊಂಡೆ. ಅದೇ ಗಿರಣಿಯ ಮಗ್ಗಗಳ ಗದ್ದಲದಲ್ಲಿ ನೇಯ್ದು ನೇಯ್ದು ನನ್ನ ಕಿವಿ ಹೋಗಿ ಎಷ್ಟೋ ಕಾಲವಾಗಿತ್ತು. ಅಲ್ಲಿ ನಾವು ಹೆಂಗಸರು ಕೈಯಲ್ಲೇ ಮಾತಾಡುತ್ತಿದ್ದೆವು. ಎರಡು ಬೆರಳು ತಿರುಚಿದರೆ, ನೂಲು ಹರಿಯಿತು, ಬಾ. ಎದೆಯ ಮೇಲೆ ಅಂಗೈ ಇಟ್ಟರೆ, ನಾನು ನೋಡಿಕೊಳ್ಳುತ್ತೇನೆ, ನೀನು ಹೋಗು. ಹುಟ್ಟಿದಾಗಿನಿಂದ ಹಗಲೆಲ್ಲ ನನ್ನ ಬಳಿಯೇ ಇದ್ದ ಮಗು ಅದನ್ನೇ ಕಲಿತಿತ್ತು. ಹಸಿವು, ನೀರು, ಬೆಕ್ಕು ಬಂತು, ಎಲ್ಲ ಬೆರಳಲ್ಲೇ. ಸಂಜೆಯವರೆಗೂ ಹರಟುತ್ತಿದ್ದೆವು. ಅವನು ಮೂಗ ಅಂತ ನನಗೆ ಒಂದು ದಿನವೂ ಅನ್ನಿಸಿರಲಿಲ್ಲ.

ಮರುದಿನ ಶಾಜ್ಲಿ ಅತ್ತುಕೊಂಡೇ ಶಿಶುವಿಹಾರಕ್ಕೆ ಹೋದ. ಚಳಿ ಕಳೆಯುವಷ್ಟರಲ್ಲಿ ಶಿಶುವಿಹಾರದ ಫಿಕ್ರಿಯಾ ಟೀಚರ್ ನಮ್ಮ ಬಾಗಿಲಿಗೇ ಬಂದಳು.

“ಹಾಜ್ಜಾ ಅಜ್ಜಿ, ನಿಮ್ಮ ಮೂಗನ ಬಾಯಿಗೆ ಬೀಗ ಎಲ್ಲಿ ಸಿಗತ್ತೆ ಹೇಳಿ! ಮಲಗಿಸಿದ್ರೂ ಪಕ್ಕದವನಿಗೆ ಕಥೆ ಹೇಳ್ತಾನೆ.”

ಇನ್ಶಿರಾಹ್ ನಗುತ್ತಲೇ ಅತ್ತಳು. ನಾನು ಹಾಲಲ್ಲಿ ಅಕ್ಕಿ ಬೇಯಿಸಿ, ಸಕ್ಕರೆ ಹಾಕಿ ಬೀದಿಗೆಲ್ಲ ಹಂಚಿದೆ.

ಆದರೆ ಆ ಪುಟ್ಟ ಬಾಯಿ ನನಗೆ ತಿಳಿಯಲಿಲ್ಲ. ದೊಡ್ಡವರ ತುಟಿ ಒಂದಿಷ್ಟು ನಿಲ್ಲುತ್ತದೆ, ಮಗುವಿನದು ಗುಬ್ಬಿಯ ಹಾಗೆ ಹಾರುತ್ತದೆ. ನಾನು ಬೆರಳೆತ್ತಿದರೆ ನನ್ನ ಕೈ ಹಿಡಿದು ಕೆಳಗಿಡುತ್ತಿದ್ದ.

“ಅಜ್ಜಿ ಬಾಯಲ್ಲೇ ಹೇಳಬೇಕಂತೆ,” ಅಂತ ಅವನ ಮಾತು ನನಗೆ ತಿಳಿಸಿದಳು ಮಗಳು.

ಬಾಯಲ್ಲೇ ಕೇಳಿದೆ. ಅವನು ಏನೋ ಹೇಳಿದ. ತಿಳಿದವಳ ಹಾಗೆ ತಲೆಯಾಡಿಸಿದೆ. ಅವನು ಇನ್ನೊಂದು ಸಲ ಹೇಳಿ, ನನ್ನ ಮುಖ ನೋಡಿ, ಬೀದಿಯ ಮಕ್ಕಳ ಕಡೆ ಓಡಿದ. ಆಮೇಲೆ ನನ್ನನ್ನು ಕೇಳುವುದೇ ಕಡಿಮೆಯಾಯಿತು.

ಆರು ತುಂಬಿ ದೊಡ್ಡ ಶಾಲೆಗೆ ಸೇರಿಸುವಾಗ ಅಲ್ಲಿನ ಮೇಷ್ಟ್ರು ಕೇಳಿದ್ದಕ್ಕೆಲ್ಲ ಪಟಪಟ ಉತ್ತರ ಕೊಟ್ಟನಂತೆ.

ಅವನು ಶಾಲೆಗೆ ಹೊರಟ ಮೊದಲ ಬೆಳಿಗ್ಗೆ ನಾನು ಹೊಸ್ತಿಲಲ್ಲಿ ನಿಂತಿದ್ದೆ. ಓಣಿಯ ತಿರುವಿನಲ್ಲಿ ತಿರುಗಿ ನೋಡಿದ. ಎರಡು ಬೆರಳು ತಿರುಚಿದೆ. ಅವನು ತಾಯಿಯ ತೋಳು ಜಗ್ಗಿ, ನನ್ನ ಕಡೆ ತೋರಿಸಿ ಏನೋ ಕೇಳಿದ. ಇನ್ಶಿರಾಹಳ ತುಟಿ ಮಾತ್ರ ಅಷ್ಟು ದೂರದಿಂದಲೂ ಕಂಡಿತು.

“ಏನಿಲ್ಲ ಕಂದ, ಅಜ್ಜಿಗೆ ಬೆರಳು ನೋವು.”

ಅಂಗೈ ಎದೆಯ ಮೇಲಿಟ್ಟುಕೊಂಡೆ. ಅವನು ಎಲ್ಲರಿಗೂ ಬೀಸುವ ಹಾಗೆ ನನಗೂ ಕೈಬೀಸಿದ.

ಶಾಜ್ಲಿ ಶಾಲೆಗೆ ಹೋದದ್ದು ಶನಿವಾರ. ನಮ್ಮ ಕೈಮಾತು ಅವನನ್ನು ಬಿಟ್ಟು ಹೋದದ್ದು ಯಾವತ್ತೋ.